ಮಣ್ಣು ಕೊಡಲೊಂದು ಜಾಗ: ದಕ್ಷಿಣ ಗೋವಾದ ಹಳ್ಳಿಯೊಂದರ ಪ್ರಕರಣ ಅಧ್ಯಯನ

ದಕ್ಷಿಣ ಗೋವಾದ ಗಣಿ ಪಟ್ಟಿಯ ಒಂದು ಹಳ್ಳಿಯಲ್ಲಿ ನೆಲೆಸಿದ ಕನ್ನಡಿಗ ಕೂಲಿಕಾರ ಕುಟುಂಬಗಳು ತಮ್ಮವರು ತೀರಿಕೊಂಡಾಗ ಮಣ್ಣು ಕೊಡಲು ಒಂದಿಷ್ಟು ಜಾಗ ಪಡೆದುಕೊಂಡ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ಹಳ್ಳಿಯ, ಮನೆತನಗಳ, ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಆಗ ನಾನು ಮಡಗಾಂವಿನಲ್ಲಿದ್ದೆ. ಅವರಿಗೆ ಅರ್ಜಿ, ಪತ್ರಗಳನ್ನು ಬರೆದುಕೊಡುತ್ತಾ ಈ ವಿಷಯದೊಳಗೆ ಬಂದವನು ನಾನು. ಆದ್ದರಿಂದ ಇದನ್ನು ದೂರ ನಿಂತು ನೋಡಿದವನ ವರದಿ ಎಂದು ಓದಬಾರದು. ಆದ ತಪ್ಪುಗಳಲ್ಲಿ ದೊಡ್ಡದೊಂದು ನನ್ನದೇ.

ಹಿನ್ನೆಲೆ

ಕುಟುಂಬಗಳು 36. ಹೆಚ್ಚಿನವರು ಬಾಗಲಕೋಟೆ ಜಿಲ್ಲೆಯ ಕೃಷ್ಣಾ ತೀರದವರು. ಆಲಮಟ್ಟಿ ಜಲಾಶಯದಲ್ಲಿ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಿದ ಮೇಲೆ ಅವರ ಹಳೆಯ ಊರು ಮುಳುಗಿ, ಪುನರ್ವಸತಿ ಕೇಂದ್ರದಲ್ಲಿ ಮನೆ ಸಿಕ್ಕಿತು. ಪರಿಹಾರದ ಹಣ ಕರಗಿದ ಮೇಲೆ ಅವರು ಗೋವಾಕ್ಕೆ ಬಂದರು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ಗಣಿಯಿಂದ ಲಾರಿಗಳಲ್ಲಿ ಸಾಂವರ್ಡೆ, ಕುಡ್ಚಡೆ ಕಡೆಯ ಜೆಟ್ಟಿಗಳಿಗೆ, ಅಲ್ಲಿಂದ ಬಾರ್ಜುಗಳಲ್ಲಿ ಜುವಾರಿ ನದಿಯ ಮೂಲಕ ಮುರಗಾಂವ್ ಬಂದರಿಗೆ ಅದಿರು ಸಾಗುತ್ತಿದ್ದ ಆ ದಿನಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಕೆಲಸಕ್ಕೆ ಬರವಿರಲಿಲ್ಲ. 2012ರಲ್ಲಿ ಗಣಿಗಾರಿಕೆ ನಿಂತಾಗ ಕೆಲವರು ಊರಿಗೆ ಮರಳಿದರು. ಉಳಿದವರು ಚಿರೆಕಲ್ಲಿನ ಕ್ವಾರಿ, ಗೇರು ತೋಟ, ಮನೆ ಕಟ್ಟುವ ಕೆಲಸಗಳಿಗೆ ಹೊಂದಿಕೊಂಡರು. ಸ್ಥಳೀಯ ಜಮೀನುದಾರರು ಬಾಡಿಗೆಗೆ ಕೊಟ್ಟ ತಗಡಿನ ಮನೆಗಳ ಎರಡು ಸಾಲುಗಳೇ ಅವರ ಓಣಿ.

ಆ ಸಾಲುಗಳ ಕೊನೆಯಲ್ಲಿ ಒಂದು ಮರದ ಬುಡದಲ್ಲಿ ದುರ್ಗವ್ವನ ಕಲ್ಲಿದೆ. ಊರು ಬಿಡುವಾಗ ಹೊಳೆ ದಂಡೆಯಿಂದ ಸಿಮೆಂಟಿನ ಚೀಲದಲ್ಲಿ ಸುತ್ತಿ ತಂದದ್ದು. ಮಂಗಳವಾರ, ಶುಕ್ರವಾರ ಎಣ್ಣೆ ದೀಪ, ವರ್ಷಕ್ಕೊಮ್ಮೆ ಹೋಳಿಗೆಯ ನೈವೇದ್ಯ. ಭಾರತ ಹುಣ್ಣಿಮೆಗೆ ಕೈಯಲ್ಲಿ ಹಣವಿದ್ದವರು ಸವದತ್ತಿಯ ಗುಡ್ಡಕ್ಕೆ ಹೋಗಿ ಬರುತ್ತಾರೆ, ಇಲ್ಲದವರು ಇಲ್ಲೇ ‘ಉಧೋ ಉಧೋ’ ಎನ್ನುತ್ತಾರೆ. ಲಿಂಗಾಯತರು, ಕುರುಬರು, ತಳವಾರರು, ಆರು ದಲಿತ ಕುಟುಂಬಗಳು ಎಲ್ಲರೂ ಒಂದೇ ಓಣಿಯಲ್ಲಿದ್ದಾರೆ. ಜಂಗಮ ಮನೆತನದ ಒಬ್ಬರಿದ್ದಾರೆ. ಅವರ ದುಡಿಮೆ ಟೈಲ್ಸ್ ಕೂರಿಸುವುದು. ಓಣಿಯಲ್ಲಿ ನಾಮಕರಣ, ಮದುವೆ, ಸಾವು ಏನೇ ಆದರೂ ಕರಣೆ ಕೆಳಗಿಟ್ಟು, ಕೈ ತೊಳೆದು, ವಿಭೂತಿ ಹಚ್ಚಿಕೊಂಡು ಅವರೇ ಬರಬೇಕು. ಎಲ್ಲರ ಬಾಯಲ್ಲೂ ಅವರು ‘ಅಯ್ನಾರು’.

ಇವರಲ್ಲಿ ಬಹುಪಾಲು ಮನೆಗಳಲ್ಲಿ ಸತ್ತವರನ್ನು ಹೂಳುವುದೇ ರೂಢಿ. ಲಿಂಗಾಯತರು ಕುಳ್ಳಿರಿಸಿ ಸಮಾಧಿ ಮಾಡುತ್ತಾರೆ, ಉಳಿದವರು ಮಲಗಿಸಿ ಮಣ್ಣು ಕೊಡುತ್ತಾರೆ. ಅವರ ಮಾತಿನಲ್ಲಿ ಅಂತ್ಯಕ್ರಿಯೆಗೆ ಹೋಗುವುದೆಂದರೆ ‘ಮಣ್ಣಿಗೆ ಹೋಗುವುದು’. ಆದರೆ ಗೋವಾದ ಹಿಂದೂ ಹಳ್ಳಿಗಳ ಮಸಣ ಸುಡುವವರದು. ಆ ನೆಲ ಬಹಳ ಕಡೆ ಕೊಮುನಿದಾದ್ ಎಂಬ ಹಳೆಯ ಗ್ರಾಮಸಂಸ್ಥೆಯ ಅಥವಾ ದೇವಸ್ಥಾನದ ಆಡಳಿತ ನಡೆಸುವ ಮಹಾಜನರ ಹಿಡಿತದಲ್ಲಿದ್ದು, ಯಾರಿಗೆ ಅಲ್ಲಿ ಸಲ್ಲುವ ಹಕ್ಕಿದೆ ಎಂಬುದು ಕಾಗದಕ್ಕಿಂತ ಹೆಚ್ಚಾಗಿ ನೆನಪಿನ ಮೇಲೆ ನಡೆಯುತ್ತದೆ.

ಹೀಗಾಗಿ ಯಾರು ಸತ್ತರೂ ಹೆಣವನ್ನು ಅನಮೋಡ ಘಾಟಿನ ಮೇಲೆ ಬೆಳಗಾವಿ ದಾಟಿಸಿ ಬಾಗಲಕೋಟೆಗೆ ಒಯ್ಯುತ್ತಿದ್ದರು. ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರಿನ ದಾರಿ. ಅಷ್ಟು ದೂರದ ವಾಹನದ ಖರ್ಚಿಗೆ ಮಾಡಿದ ಸಾಲ ತೀರಿಸಲು ಒಂದು ಮನೆಗೆ ಎರಡು ಮಳೆಗಾಲ ಬೇಕಾಗುತ್ತಿತ್ತು. ಸಾವನ್ನು ಊರಿನಲ್ಲೇ ಆಯಿತೆಂದು ಬರೆಸುತ್ತಿದ್ದರು. ಮರಣ ಸಂಭವಿಸಿದ ಸ್ಥಳದಲ್ಲೇ ನೋಂದಣಿ ಆಗಬೇಕೆನ್ನುತ್ತದೆ 1969ರ ಜನನ ಮರಣ ನೋಂದಣಿ ಕಾಯ್ದೆ; ಆದರೆ ಅದನ್ನು ಕೇಳುವವರು ಯಾರೂ ಇರಲಿಲ್ಲ.

2018ರ ಜುಲೈ

ಆ ಜುಲೈ ತಿಂಗಳ ಒಂದು ರಾತ್ರಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತೀರಿಕೊಂಡರು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಘಾಟಿನಲ್ಲಿ ಮಣ್ಣು ಕುಸಿದಿದೆ ಎಂಬ ಸುದ್ದಿಯಿಂದ ಒಬ್ಬ ಡ್ರೈವರ್ ಬರಲೇ ಇಲ್ಲ. ಒಪ್ಪಿಕೊಂಡ ಇನ್ನೊಬ್ಬ ಕೇಳಿದ ಹಣ ಓಣಿಯವರೆಲ್ಲ ಜೇಬು ಕೊಡವಿದರೂ ಕೂಡಲಿಲ್ಲ. ಮಗ ಮತ್ತು ನಾಲ್ವರು ಗಂಡಸರು ಮಾರನೆಯ ರಾತ್ರಿ ಹಳ್ಳದ ಆಚೆ, ಕಾಡಿನ ಅಂಚಿನಲ್ಲಿ ಗುಂಡಿ ತೋಡಿ ಅವರನ್ನು ಹೂಳಿ ಬಂದರು. ಅಯ್ನಾರನ್ನು ಕರೆದೊಯ್ದಿದ್ದರು, ಆದರೆ ದೀಪ ಹಚ್ಚಲಿಲ್ಲ. ಆ ಒಂದು ಸಂಗತಿಯನ್ನು ಅವರು ನನ್ನೆದುರು ಮೂರು ಸಲ ಹೇಳಿದರು: “ಕಳ್ಳರ ಹಾಂಗ ಮಣ್ಣು ಕೊಟ್ಟೀವ್ರಿ.”

ಆರನೆಯ ದಿನ ದನ ಕಾಯುವವರ ಕಣ್ಣಿಗೆ ಹೊಸ ಮಣ್ಣು ಬಿತ್ತು. ಸ್ಥಳೀಯರಿಗೆ ಅದು ಬರೀ ಕಾಡಿನ ಅಂಚಾಗಿರಲಿಲ್ಲ. ಅಲ್ಲಿ ಸೀಮೆ ಕಾಯುವ ದೇವಚಾರನ ಸ್ಥಾನವಿತ್ತು. ಗೋವಾದ ಹಳ್ಳಿಗಳಲ್ಲಿ ದೇವಚಾರ ಎಂದರೆ ರಾತ್ರಿ ಗಡಿಯುದ್ದಕ್ಕೂ ನಡೆದು ಊರನ್ನು ರಕ್ಷಿಸುವ ಶಕ್ತಿ. ಅವನಿಗೆ ರೊಟ್ಟಿ, ಬಾಳೆಹಣ್ಣು, ಬೀಡಿ, ಮದ್ಯ ಇಡುತ್ತಾರೆ. ಅವನ ನಡೆದಾರಿಯಲ್ಲಿ ಹೆಣ ಹೂತದ್ದು ಊರಿಗೆಲ್ಲ ಕೇಡು ಎಂಬ ಮಾತು ಎದ್ದಿತು. ಸಂಜೆಯ ಹೊತ್ತಿಗೆ ಅದು ಮಾಟಮಂತ್ರದ ಸುದ್ದಿಯಾಗಿ ಬೆಳೆದಿತ್ತು. ಪಂಚಾಯತಿಗೆ ಕರೆಸಿ ಗದರಿಸಿದರು; ಹೊರ ತೆಗೆಯಿರಿ ಎಂದು ಮಾತ್ರ ಹೇಳಲಿಲ್ಲ. ಅವತ್ತು ಬಂದ ಬೈಗುಳದಲ್ಲಿ ‘ಘಾಂಟಿ’ ಎಂಬ ಪದ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಘಟ್ಟದ ಮೇಲಿನಿಂದ ಬಂದವರನ್ನು ಗೋವಾದಲ್ಲಿ ಹಗುರವಾಗಿ ಕರೆಯುವುದು ಹಾಗೆಯೇ.

ಇನ್ನೊಂದು ತೊಡಕು ನಿಧಾನವಾಗಿ ಬಯಲಾಯಿತು. ಮುಳುಗದೆ ಉಳಿದ ಒಂದೂವರೆ ಎಕರೆ ಹೊಲ ಆ ಅಜ್ಜಿಯ ಹೆಸರಿನಲ್ಲಿತ್ತು. ಪೌತಿ ಖಾತೆ ಮಾಡಿಸಲು ಮಗನಿಗೆ ಮರಣ ಪತ್ರ ಬೇಕು. ಕದ್ದು ಹೂತ ಸಾವು ಎಲ್ಲೂ ನೋಂದಣಿಯಾಗಿರಲಿಲ್ಲ. 21 ದಿನದ ಗಡುವು ದಾಟಿತ್ತು. ವರ್ಷ ತುಂಬುವುದರೊಳಗಾದರೆ ಪ್ರಮಾಣಪತ್ರ (ಅಫಿಡವಿಟ್), ತಡದ ಶುಲ್ಕ ಮತ್ತು ಅಧಿಕಾರಿಯ ಅನುಮತಿಯಿಂದ ಆಗ ಮಾಡಿಸಬಹುದಿತ್ತು. ಅದರಾಚೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಿತ್ತು. ಮಗನ ಪಾಲಿಗೆ ಕೆಲಸ ಮುಗಿಯಲೇಬೇಕಾದ ಗಡಿ 2019ರ ಜುಲೈ ಆಯಿತು.

ಅರ್ಜಿ

ಮೊದಲು ಮಾಡಿದ್ದು ಅರ್ಜಿ. ಬರೆದವನು ನಾನು. 47 ಸಹಿ ಮತ್ತು ಹೆಬ್ಬೆಟ್ಟುಗಳಿದ್ದ ಆ ಕಾಗದದಲ್ಲಿ ಸಂವಿಧಾನದ ವಿಧಿಗಳನ್ನು ಉಲ್ಲೇಖಿಸಿ, ಗೌರವಯುತ ಅಂತ್ಯಕ್ರಿಯೆ ನಮ್ಮ ಹಕ್ಕು, ಪ್ರತ್ಯೇಕ ರುದ್ರಭೂಮಿಗೆ ಜಾಗ ಮಂಜೂರು ಮಾಡಬೇಕು ಎಂದು ಬರೆದಿದ್ದೆ. ಅದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಅದನ್ನು ಕೊಟ್ಟದ್ದು 2018ರ ಆಗಸ್ಟ್ ಎರಡನೆಯ ವಾರದಲ್ಲಿ. ಅದೇ 14ರಂದು ಮಹದಾಯಿ ನ್ಯಾಯಮಂಡಳಿಯ ತೀರ್ಪು ಬಂತು. ಗೋವಾದ ಪತ್ರಿಕೆಗಳ ತುಂಬ ಕರ್ನಾಟಕ ನೀರು ಒಯ್ಯುತ್ತದೆ ಎಂಬ ಮಾತು. ಅದೇ ವರ್ಷದ ಮಾರ್ಚ್ 16ರಿಂದ, ಸುಪ್ರೀಂ ಕೋರ್ಟು 88 ಗುತ್ತಿಗೆಗಳನ್ನು ರದ್ದು ಮಾಡಿದ್ದರಿಂದ, ಗಣಿಗಳು ಎರಡನೆಯ ಸಲ ನಿಂತಿದ್ದವು; ಸಾಲ ಮಾಡಿ ಲಾರಿ ಕೊಂಡ ಸ್ಥಳೀಯರ ಅಂಗಳಗಳಲ್ಲಿ ಆ ಲಾರಿಗಳು ತುಕ್ಕು ಹಿಡಿಯುತ್ತಿದ್ದವು. ನೀರು ಹೋಯಿತು, ಕೆಲಸ ಹೋಯಿತು, ಈಗ ನೆಲ ಕೇಳುತ್ತಿದ್ದಾರೆ: ನಮ್ಮ ಅರ್ಜಿ ಆ ಹಳ್ಳಿಯ ಕಿವಿಗೆ ಬಿದ್ದದ್ದು ಹೀಗೆ.

‘ಮಂಜೂರು’ ಎಂಬ ಪದವೇ ಕೆಲಸ ಕೆಡಿಸಿತು ಎಂದು ಈಗಲೂ ನನಗೆ ಅನ್ನಿಸುತ್ತದೆ. ಪೋರ್ಚುಗೀಸರ ಆಳ್ವಿಕೆಯ ಕೆಳಗೆ ಶತಮಾನಗಳ ಕಾಲ ತಮ್ಮ ದೇವರನ್ನೂ ನೆಲವನ್ನೂ ಉಳಿಸಿಕೊಳ್ಳಲು ಹೆಣಗಿದ ನಾಡಿನಲ್ಲಿ ನೆಲವನ್ನು ಹಕ್ಕಾಗಿ ಕೇಳುವುದು ಬೇರೆ, ಸತ್ತವರಿಗೆ ನೆರಳು ಕೇಳುವುದು ಬೇರೆ. ಒಬ್ಬ ಜಮೀನುದಾರ ಮೂರು ಕುಟುಂಬಗಳಿಗೆ ಮನೆ ಖಾಲಿ ಮಾಡಲು ಹೇಳಿದ. ಅವರು ಹೋದರು, ಮರಳಲಿಲ್ಲ. ಈ ಪ್ರಕರಣದಲ್ಲಿ ಸರಿಪಡಿಸಲಾಗದೆ ಉಳಿದ ನಷ್ಟ ಅದೇ.

ಅಕ್ಟೋಬರಿನಲ್ಲಿ ಕುರುಬರ ಮನೆಯ ಒಬ್ಬರು ಕ್ವಾರಿಯಲ್ಲಿ ಕಲ್ಲು ಜರಿದು ಸತ್ತರು. ಸ್ಥಳೀಯರೇ ಕನಿಕರಪಟ್ಟು ತಮ್ಮ ಮಸಣದಲ್ಲಿ ಸುಡಲು ಬಿಟ್ಟರು, ಕಟ್ಟಿಗೆಯನ್ನೂ ಕೊಟ್ಟರು. ಇನ್ನು ಮುಂದೆ ಎಲ್ಲರೂ ಹೀಗೇ ಸುಡೋಣ ಎಂದು ಓಣಿಯ ಹುಡುಗರು ಹೇಳತೊಡಗಿದರು. ಆದರೆ ಸತ್ತವರ ಅಣ್ಣ ಹನ್ನೊಂದು ದಿನ ಸರಿಯಾಗಿ ಉಣ್ಣಲಿಲ್ಲ. “ಎಡಿ ಎಲ್ಲಿ ಇಡ್ಲಿ?” ಎಂಬುದೊಂದೇ ಅವರ ಪ್ರಶ್ನೆ. ಹೂತ ಜಾಗಕ್ಕೆ ಎಡೆ ಒಯ್ಯುವ ರೂಢಿಯವರಿಗೆ ಬೂದಿ ಹೊಳೆಗೆ ಹೋದ ಮೇಲೆ ಒಯ್ಯಲು ಒಂದು ಸ್ಥಳವೇ ಉಳಿದಿರಲಿಲ್ಲ.

ಒಳಗಿನ ಮಾತು

ಹೊರಗಿನವರನ್ನು ಇನ್ನೊಮ್ಮೆ ಕೇಳುವ ಮುನ್ನ ಒಳಗೆ ತೀರಬೇಕಾದ ಒಂದು ವಿಷಯವಿತ್ತು. ಅದನ್ನು ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಊರಿನಲ್ಲಿ ಮಸಣ ಒಂದಲ್ಲ. ಲಿಂಗಾಯತರದು ಬೇರೆ, ದಲಿತರದು ಬೇರೆ, ನಡುವೆ ಹೊಲಗಳು. ಇಲ್ಲಿ ಕೇಳುವುದಾದರೆ ಒಂದೇ ಜಾಗ ಕೇಳಬೇಕು. ಸಿಕ್ಕರೂ ಸಿಗುವುದು ನಾಲ್ಕೈದು ಗುಂಟೆ. ಆಗ ಯಾರ ಪಕ್ಕ ಯಾರು?

ಡಿಸೆಂಬರಿನ ಎರಡು ಭಾನುವಾರ ದುರ್ಗವ್ವನ ಕಟ್ಟೆಯ ಮುಂದೆ ಸಭೆ ಸೇರಿತು. ಮೊದಲನೆಯ ದಿನ ಓಣಿಯ ಹಿರಿಯರೊಬ್ಬರು ನೇರವಾಗಿ ಹೇಳಿದರು: “ಊರಾಗ ಹ್ಯಾಂಗ ಐತಿ, ಇಲ್ಲೂ ಹಾಂಗ ಇರಬೇಕು. ಇಲ್ಲಂದ್ರ ನನ್ನ ಹೆಣ ಊರಿಗೆ ಒಯ್ರಿ.” ದಲಿತ ಕುಟುಂಬದ ಗಂಡಸರು ಎದ್ದು ಹೋದರು. ಸಭೆ ಅಲ್ಲಿಗೆ ಮುರಿಯಿತು. ನಾನು ಅಂದು ಏನೂ ಹೇಳಲಿಲ್ಲ. ಹೊರಗಿನ ಅನ್ಯಾಯವನ್ನು ಅರ್ಜಿಯಲ್ಲಿ ಅಷ್ಟು ಚಂದವಾಗಿ ಬರೆದವನಿಗೆ ಒಳಗಿನದನ್ನು ಎದುರಿಸಲು ನಾಲಿಗೆ ಏಳಲಿಲ್ಲ ಎಂಬುದನ್ನು ಇಲ್ಲಿ ಬರೆಯದಿದ್ದರೆ ಈ ಅಧ್ಯಯನ ಪ್ರಾಮಾಣಿಕವಾಗದು.

ಎರಡನೆಯ ಭಾನುವಾರ ಮಾತಾಡಿದ್ದು, ಗೇರು ಬೀಜ ಸುಲಿಯಲು ಹೋಗುವ ಒಬ್ಬ ಹೆಣ್ಣುಮಗಳು, ಜುಲೈನಲ್ಲಿ ತೀರಿಕೊಂಡ ಅಜ್ಜಿಯ ಸೊಸೆ. “ಯಾವ ಊರು ಕಾಕಾ? ನಮ್ಮ ಮಂದಿನ್ನೆಲ್ಲ ಮಣ್ಣು ಮಾಡಿದ ಜಾಗ ನೀರಾಗ ಐತಿ. ನಿಮ್ಮವರು, ಅವರವರು, ಎಲ್ಲಾರೂ. ಅಲ್ಲಿ ಮೀನ ಕುಲ ಕೇಳತಾವೇನ್ರಿ?” ಯಾರೋ ನಕ್ಕರು, ಆಮೇಲೆ ಸುಮ್ಮನಾದರು. ಊರಿಗೆ ಹೆಣ ಒಯ್ಯುವುದೆಂದರೆ ನಿಜಕ್ಕೂ ಒಯ್ಯುತ್ತಿದ್ದದ್ದು ಪುನರ್ವಸತಿ ಕೇಂದ್ರದ ಪಕ್ಕದ, ಸರ್ಕಾರ ಗುರುತು ಹಾಕಿಕೊಟ್ಟ ಬಯಲಿಗೆ. ಅಲ್ಲಿ ಅವರ ಅಜ್ಜ ಮುತ್ತಜ್ಜಂದಿರು ಯಾರೂ ಇರಲಿಲ್ಲ. ಅಷ್ಟು ವರ್ಷ ಸಾಲ ಮಾಡಿ ಘಟ್ಟ ಹತ್ತಿದ್ದು ಒಂದು ಮುಳುಗಿದ ಊರಿಗಾಗಿ ಎಂಬುದನ್ನು ಅಂದು ಮೊದಲ ಬಾರಿಗೆ ಒಬ್ಬರು ಆಡಿ ತೋರಿಸಿದ್ದರು.

ಅಯ್ನಾರು ಆ ಬಳಿಕ ಒಂದು ಮಾತು ಸೇರಿಸಿದರು: ಯಾರ ಮನೆಯಲ್ಲಿ ಸಾವಾದರೂ ಕರೆದರೆ ತಾನು ಬರುತ್ತೇನೆ, ಕುಳ್ಳಿರಿಸುವವರಿಗೆ ಕುಳ್ಳಿರಿಸಿ, ಮಲಗಿಸುವವರಿಗೆ ಮಲಗಿಸಿ ಮಾಡಿಕೊಡುತ್ತೇನೆ. ಮೊದಲ ದಿನ ಮಾತಾಡಿದ್ದ ಆ ಹಿರಿಯರು ಒಪ್ಪಲಿಲ್ಲ, ಆದರೆ ಅಡ್ಡ ಬರುವುದಿಲ್ಲ ಎಂದರು. ಒಂದೇ ಜಾಗ, ಸತ್ತ ಕ್ರಮದಲ್ಲೇ ಸಾಲು ಎಂದು ತೀರ್ಮಾನವಾಯಿತು. ನನ್ನ ಎಣಿಕೆಯಲ್ಲಿ ಈ ಪ್ರಕರಣ ತಿರುಗಿದ್ದು ಇಲ್ಲಿ. ಪಂಚಾಯತಿಯ ಮುಂದೆ ನಡೆದದ್ದೆಲ್ಲ ಇದರ ನಂತರದ ಮಾತು.

ಹೂವು ಕೇಳಿದ್ದು

2019ರ ಫೆಬ್ರವರಿಯಲ್ಲಿ, ಭಾರತ ಹುಣ್ಣಿಮೆ ಕಳೆದ ಮೇಲೆ, ಆ ಹಳ್ಳಿಯವರೇ ಆದ ಒಬ್ಬ ನಿವೃತ್ತ ಮರಾಠಿ ಶಿಕ್ಷಕರನ್ನು ಕಂಡೆವು. ಓಣಿಯ ಮಕ್ಕಳಿಗೆ ಅವರು ಕಲಿಸಿದ್ದರು. ಅರ್ಜಿಯ ನಕಲನ್ನು ಓದಿ ಅದನ್ನು ಮಡಿಸಿ ನನಗೇ ಹಿಂದಿರುಗಿಸಿದರು. “ಪಂಚಾಯತಿ ಕೊನೆಗೆ. ಮೊದಲು ದೇವಳ” ಎಂದರು. ಕಾನೂನಿನ ಮಾತಿಗೆ ಬದಲು ಅವರು ನಮ್ಮನ್ನು ಗೇರು ಗುಡ್ಡದ ಮಗ್ಗುಲಿಗೆ ಕರೆದೊಯ್ದು, ಹುಲ್ಲು ಮುಚ್ಚಿದ ಒಂದು ಚಿರೆಕಲ್ಲಿನ ಕಟ್ಟೆ ತೋರಿಸಿದರು. ಆ ಊರಿನ ಗೋಸಾವಿ ಮನೆತನದ ಹಿರಿಯರೊಬ್ಬರ ಸಮಾಧಿ ಅದು. ನಾಥಪಂಥದ ಗೋಸಾವಿಗಳು ಸತ್ತವರನ್ನು ಸುಡುವುದಿಲ್ಲ. ಕುಳ್ಳಿರಿಸಿ ಸಮಾಧಿ ಮಾಡುತ್ತಾರೆ. ಅಯ್ನಾರು ಅದರ ಸುತ್ತ ಒಂದು ಸುತ್ತು ಬಂದು, ಚಪ್ಪಲಿ ಬಿಟ್ಟು ಕೈ ಮುಗಿದರು.

ಮಹಾಜನರ ಮುಂದೆ ಶಿಕ್ಷಕರು ಇಟ್ಟದ್ದು ಇದೇ ಮಾತನ್ನು: ಕುಳ್ಳಿರಿಸಿ ಹೂಳುವುದು ಈ ಊರಿನ ಸೀಮೆಗೆ ಹೊಸದಲ್ಲ. ಆಕ್ಷೇಪ ಹೂಳುವುದರ ಬಗ್ಗೆಯೋ, ಹೂತ ಜಾಗದ ಬಗ್ಗೆಯೋ ಎಂದು ಕೇಳಿದಾಗ ಜಾಗದ ಬಗ್ಗೆ ಎಂಬ ಉತ್ತರ ಬಂತು. ಕಳ್ಳತನದಲ್ಲಿ ದೇವಚಾರನ ದಾರಿ ಮುಟ್ಟಿದ್ದಕ್ಕೆ ಓಣಿಯವರು ತಪ್ಪು ಕಾಣಿಕೆ ಕೊಡಬೇಕೆಂದರು. ಇದಕ್ಕೆ ಓಣಿಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಗಡಿ ಕಾಯುವ ದೇವರಿಗೆ ಹೆದರುವುದನ್ನು ಬಾಗಲಕೋಟೆಯವರಿಗೆ ಗೋವಾದವರು ಕಲಿಸಬೇಕೆ? ಅವರ ದುರ್ಗವ್ವ ಮಾಡುತ್ತಿದ್ದದ್ದೂ ಅದೇ ಕೆಲಸ. ರೊಟ್ಟಿ, ಬಾಳೆಹಣ್ಣು, ಬೀಡಿಯ ಕಟ್ಟು, ಒಂದು ಬಾಟಲಿ; ಅಜ್ಜಿಯ ಮಗ ಕೊಂಡೊಯ್ದು ಇಟ್ಟ.

ಮಹಾಜನರ ಇನ್ನೊಂದು ಷರತ್ತು ನನ್ನನ್ನು ಗೊಂದಲಕ್ಕೆ ಹಾಕಿತು. ಗ್ರಾಮದೇವತೆ ಸಾಂತೇರಿಯ ಮುಂದೆ ಕೌಲ ಕೇಳಬೇಕು ಎಂದರು. ಮೂರ್ತಿಯ ಮೇಲೆ ಹೂವಿನ ಎಸಳುಗಳನ್ನು ನೀರಿನಿಂದ ಅಂಟಿಸಿ, ಪ್ರಶ್ನೆ ಹೇಳಿ, ಯಾವ ಎಸಳು ಮೊದಲು ಬೀಳುತ್ತದೆ ಎಂದು ನೋಡುವ ಪದ್ಧತಿ ಅದು. ನಮ್ಮ ಕಡೆ ಹೂ ಪ್ರಸಾದ ಬೇಡುವ ಹಾಗೆಯೇ. ಮಡಗಾಂವಿನ ನನ್ನ ವಕೀಲ ಗೆಳೆಯರು ಬೇಸರಿಸಿದರು: ಮನುಷ್ಯನ ಹಕ್ಕನ್ನು ಹೂವಿನ ಎಸಳಿಗೆ ಒಪ್ಪಿಸುವುದೆ? ಎಡಕ್ಕೆ ಬಿದ್ದರೆ ಎಲ್ಲಿಗೆ ಹೋಗುತ್ತೀರಿ? ಅವರ ಪ್ರಶ್ನೆ ಸರಿಯಾಗಿತ್ತು. ಅದನ್ನೇ ಶಿಕ್ಷಕರ ಮುಂದಿಟ್ಟೆ. ಅವರು, ಕೊಡಬೇಕೆ ಬೇಡವೆ ಎಂದು ದೇವಿಯನ್ನು ಯಾಕೆ ಕೇಳುತ್ತೀರಿ, ಎಲ್ಲಿ ಎಂದು ಕೇಳಿ ಎಂದರು. ಮಹಾಜನರಲ್ಲಿ ಇಬ್ಬರನ್ನು ಅವರೇ ಮನೆಗೆ ಹೋಗಿ ಒಪ್ಪಿಸಿದರು. ಪ್ರಶ್ನೆಯ ರೂಪ ಬದಲಾಯಿತು: ಮಸಣದ ಪೂರ್ವದ ಅಂಚು, ಗೇರು ಗುಡ್ಡದ ಬುಡ, ಹಳೆಯ ಕ್ವಾರಿಯ ದಂಡೆ, ಈ ಮೂರರಲ್ಲಿ ಯಾವುದು?

ಗೋವಾದ ಹೋಳಿ ಹಬ್ಬವಾದ ಶಿಗ್ಮೋ ಮುಗಿದ ಮೇಲೆ, ಏಪ್ರಿಲ್ ಮೊದಲಲ್ಲಿ, ಕೌಲ ಆಯಿತು. ಓಣಿಯ ಹತ್ತು ಜನ ದೇವಳದ ಅಂಗಳದಲ್ಲಿ ನಿಂತಿದ್ದರು. ಮಸಣದ ಪೂರ್ವದ ಅಂಚನ್ನು ಹೇಳಿದಾಗ ಬಲದ ಎಸಳು ಬಿತ್ತು. ನನಗೆ ನೆಮ್ಮದಿ ತಂದದ್ದು ಇನ್ನೊಂದು ಕಾರಣಕ್ಕೆ: ಹಳೆಯ ಕ್ವಾರಿಯ ದಂಡೆಯ ಕೆಳಗೆ ಊರಿನ ಬಾವಿಯಿತ್ತು, ಮಳೆಗಾಲದಲ್ಲಿ ಚಿರೆಕಲ್ಲಿನ ನೆಲದೊಳಗೆ ನೀರು ಹೇಗೆ ಹರಿಯುತ್ತದೆಂದು ಬಲ್ಲ ಯಾರೂ ಅಲ್ಲಿ ಹೂಳಲು ಹೇಳಲಾರರು.

ಕೌಲದ ನಂತರ ಉಳಿದದ್ದು ಸುಲಭವಾಯಿತು ಎನ್ನಲಾರೆ, ಆದರೆ ಎದುರು ನಿಲ್ಲುವವರು ಕಡಿಮೆಯಾದರು. ಅಜ್ಜಿಯ ಸಾವು ಈ ಹಳ್ಳಿಯಲ್ಲೇ ಆಯಿತೆಂದು ಮಹಾಜನರೊಬ್ಬರು ಸಾಕ್ಷಿ ಬರೆದುಕೊಟ್ಟರು. ಜೂನ್ ಕೊನೆಗೆ, ಗಡುವಿಗೆ ಮೂರು ವಾರ ಮುನ್ನ, ನೋಂದಣಿ ಆಯಿತು. ಲೋಕಸಭಾ ಚುನಾವಣೆಯಿಂದಾಗಿ ಮುಂದಕ್ಕೆ ಹೋಗಿದ್ದ ಜಾಗದ ವಿಷಯ ಜುಲೈನ ಗ್ರಾಮಸಭೆಗೆ ಬಂತು. ಓಣಿಯಲ್ಲಿ ಗೋವಾದ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಏಳೇ ಜನ. ಆ ಏಳೂ ಜನ ಕೂಲಿ ಬಿಟ್ಟು ಹೋಗಿ ಕುಳಿತರು, ಮಾತಾಡಲಿಲ್ಲ. ಮಾತಾಡಿದ್ದು ಶಿಕ್ಷಕರು. ಗೊತ್ತುವಳಿಯಲ್ಲಿ ‘ಕನ್ನಡಿಗ’ ಎಂಬ ಪದವೂ ‘ಮಂಜೂರು’ ಎಂಬ ಪದವೂ ಇಲ್ಲ: ಮಸಣದ ಪೂರ್ವದ ಅಂಚನ್ನು ಗ್ರಾಮದಲ್ಲಿ ವಾಸಿಸುವ, ಹೂಳುವ ರೂಢಿಯ ಹಿಂದೂ ಕುಟುಂಬಗಳು ಬಳಸಬಹುದು, ಗುಂಡಿ ಆರು ಅಡಿಗೆ ಕಡಿಮೆ ಇರಬಾರದು, ಕಟ್ಟೆ, ಗದ್ದುಗೆ, ಕಲ್ಲು ನಿಲ್ಲಿಸಬಾರದು. ಕೊನೆಯ ಷರತ್ತು ಕಹಿಯಾಗಿತ್ತು. ಸಣ್ಣ ಜಾಗದಲ್ಲಿ ಇಪ್ಪತ್ತು ವರ್ಷಕ್ಕೆ ಮತ್ತೆ ಅದೇ ನೆಲ ಬೇಕಾಗುತ್ತದೆ ಎಂದು ಅಯ್ನಾರೇ ಲೆಕ್ಕ ಹಾಕಿ ಹೇಳಿದ ಮೇಲೆ ಒಪ್ಪಿದರು.

ನಂತರ

ಆಗಸ್ಟ್ ಮೊದಲ ವಾರದಲ್ಲಿ, ಇತ್ತ ಗೋವಾದಲ್ಲಿ ಮಳೆ, ಅತ್ತ ಕೃಷ್ಣೆಯಲ್ಲಿ ನೆರೆ ಇದ್ದ ದಿನಗಳಲ್ಲಿ, ಓಣಿಯಲ್ಲಿ ಒಬ್ಬರು ತೀರಿಕೊಂಡರು. ದಲಿತ ಕುಟುಂಬದ ಮುದುಕರು. ಊರಿಗೆ ಒಯ್ಯುವ ಮಾತೇ ಇರಲಿಲ್ಲ, ದಾರಿಗಳು ನೀರಿನಲ್ಲಿದ್ದವು. ಹೊಸ ಜಾಗದ ಮೊದಲ ಸಾಲಿನ ಮೊದಲ ಗುಂಡಿ ಅವರದಾಯಿತು. ಚಿರೆಕಲ್ಲಿನ ನೆಲ ಹಾರೆಗೆ ಬಗ್ಗದೆ, ಕ್ವಾರಿಯಲ್ಲಿ ಕೆಲಸ ಮಾಡುವ ಆರು ಜನ ಸರದಿಯಲ್ಲಿ ಅರ್ಧ ದಿನ ತೋಡಿದರು. ತಳದಲ್ಲಿ ಜಿನುಗುತ್ತಿದ್ದ ಕೆಂಪು ನೀರನ್ನು ಕೊಡದಿಂದ ಎತ್ತಿ ಹಾಕುತ್ತಿದ್ದರು. ಅಯ್ನಾರು ಬಂದರು. ಹಗಲಾಗಿದ್ದರೂ ದೀಪ ಹಚ್ಚಿಸಿದರು. ಡಿಸೆಂಬರಿನಲ್ಲಿ ಒಪ್ಪದಿದ್ದ ಹಿರಿಯರೂ ಮಣ್ಣಿಗೆ ಬಂದಿದ್ದರು. ಸ್ವಲ್ಪ ದೂರ ಕೊಡೆ ಹಿಡಿದು ನಿಂತಿದ್ದು, ಕೊನೆಗೆ ಮುಂದೆ ಬಂದು ಮೂರು ಹಿಡಿ ಮಣ್ಣು ಹಾಕಿ ಹೋದರು. ಅದನ್ನು ಮನ ಪರಿವರ್ತನೆ ಎಂದು ನಾನು ಓದುವುದಿಲ್ಲ. ಮರುವರ್ಷ ಅವರು ತೀರಿಕೊಂಡಾಗ ಮಕ್ಕಳು, ಅವರ ಮಾತಿನಂತೆ, ಆಂಬುಲೆನ್ಸ್ ಮಾಡಿಸಿ ಘಟ್ಟ ಹತ್ತಿಸಿದರು. ಓಣಿಯವರು ಅದಕ್ಕೂ ಹಣ ಕೂಡಿಸಿ ಕೊಟ್ಟರು.

ಇಂಥದೇ ಸ್ಥಿತಿಯಲ್ಲಿರುವ ಬೇರೆ ಓಣಿಗಳವರು, ವಾಸ್ಕೋದಿಂದ ಹಿಡಿದು ಬಿಚೋಲಿಯವರೆಗೆ, ನನ್ನ ಬಳಿ ಬಂದು ಅರ್ಜಿಯ ಮಾದರಿ ಕೇಳುತ್ತಾರೆ. ಅರ್ಜಿ ಕೊಡುವ ಮುನ್ನ ಮೂರು ಪ್ರಶ್ನೆ ಕೇಳುತ್ತೇನೆ: ನಿಮ್ಮೊಳಗೆ ಯಾರ ಪಕ್ಕ ಯಾರು ಎಂಬುದು ತೀರ್ಮಾನವಾಗಿದೆಯೆ, ನಿಮ್ಮಲ್ಲಿ ಇಲ್ಲಿಯ ಮತದಾರರು ಎಷ್ಟು ಜನ, ಆ ಊರಿನಲ್ಲಿ ಹೂಳುವ ಸ್ಥಳೀಯರು ಯಾರಾದರೂ ಇದ್ದಾರೆಯೆ. ಮೊದಲ ಪ್ರಶ್ನೆಗೇ ಹೆಚ್ಚಿನವರು ಎದ್ದು ಹೋಗುತ್ತಾರೆ. ನಾವು ಹಿಡಿದ ದಾರಿಯ ದೌರ್ಬಲ್ಯವನ್ನೂ ಅವರಿಗೆ ಹೇಳುತ್ತೇನೆ. ಒಬ್ಬ ಶಿಕ್ಷಕರ ಮೇಲೆ, ಮಹಾಜನರ ಒಳ್ಳೆಯತನದ ಮೇಲೆ ನಿಂತ ಏರ್ಪಾಡು ಇದು. ಜಮೀನಿನ ದಾಖಲೆಯಾದ ಒಂದು ಮತ್ತು ಹದಿನಾಲ್ಕನೆಯ ನಮೂನೆಯಲ್ಲಿ ಆ ಪೂರ್ವದ ಅಂಚು ಇಂದಿಗೂ ಕೊಮುನಿದಾದಿನ ಹೆಸರಿನಲ್ಲಿದೆ. ಬಳಕೆಯ ಕಾಲಮಿನಲ್ಲಿ ಈ ಕುಟುಂಬಗಳ ಉಲ್ಲೇಖವಿಲ್ಲ. ಕೊಮುನಿದಾದಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಹಕ್ಕಿನ ಭಾಷೆಯನ್ನು ನಾವು ಮುಂದೂಡಿದ್ದೇವೆ, ಬಿಟ್ಟಿಲ್ಲ ಎಂದು ವಕೀಲ ಗೆಳೆಯರಿಗೆ ಹೇಳಿದ್ದೇನೆ. ಅವರು ಪೂರ್ತಿ ನಂಬಿದಂತಿಲ್ಲ.

ಗ್ರಾಮಸಭೆಯ ಗೊತ್ತುವಳಿಯ ನಕಲಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಓಣಿಯವರು ದುರ್ಗವ್ವನ ಕಲ್ಲಿನ ಹಿಂದೆ ಇಟ್ಟಿದ್ದಾರೆ. ಓಣಿಯಲ್ಲಿ ಸಾವಾದಾಗ ಅಜ್ಜಿಯ ಸೊಸೆ ಮೊದಲು ಹೋಗಿ ಅದನ್ನು ತೆಗೆದು, ಸೆರಗಿನಿಂದ ಎಣ್ಣೆ ಒರೆಸಿ, ಪಂಚಾಯತಿಗೆ ಹೋಗುವವರ ಕೈಗೆ ಕೊಡುತ್ತಾರೆ.